ಬಾಡಿನ ಜೊತೆ ಹೋದ ನಾಲ್ಕು ಬೋಲ್ಟು

ಮಕ್ಕಳೇ, ನಿಮ್ಮ ಚಿಕ್ಕಮ್ಮನ ಬೀಗರೂಟದ ಮಾರನೇ ದಿನ ನಿಮ್ಮಿಬ್ಬರನ್ನೂ ಜಗಲಿಯ ಮೇಲೆ ನಿಲ್ಲಿಸಿ, ಜೇಬು ತಡಕಿ, ಬೋಲ್ಟು ಎಲ್ಲಿ ಬಿಸಾಕಿದಿರಿ ಎಂದು ಮನೆಮಂದಿಯೆಲ್ಲ ಗದರಿದ್ದು ನಿಮಗೆ ನೆನಪಿರಬೇಕು. ನೀವು ತೆಗೆದಿರಲಿಲ್ಲ. ಹಾಗೆಂದು ಆಮೇಲೆ ಯಾರೂ ನಿಮಗೆ ಹೇಳಲೂ ಇಲ್ಲ. ಗದರಿದ್ದನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ನಮ್ಮ ಕಡೆಯ ದೊಡ್ಡವರಲ್ಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಬೇರೆ ಯಾರೋ ಮಾತು ಮುಗಿಸಿ ಎದ್ದು ಹೋಗಿರುತ್ತಾರೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಹಾಗಲ್ಲ, ನಾನು ಬರೆಯುವ ತನಕ ಕಾಯುತ್ತದೆ.

ಆ ಕಾರನ್ನು ನೀವು ಕಂಡಿದ್ದೀರಿ. ಕೆಂಪು ಬಣ್ಣದ, ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಸ್ಪೋರ್ಟ್ಸ್ ಕಾರು. ನಿಮ್ಮ ಚಿಕ್ಕಪ್ಪ, ಅಂದರೆ ನನ್ನ ಕಿರಿ ಅಳಿಯಂದಿರು, ಅದನ್ನು ಯಾರದೋ ಕೋಳಿ ಶೆಡ್ಡಿನಲ್ಲಿ ಗೊಬ್ಬರದ ಮೂಟೆಗಳ ಪಕ್ಕ ಕಂಡು ಕೊಂಡುಕೊಂಡವರು. ವರ್ಷಗಟ್ಟಲೆ ತಾವೇ ಬಿಚ್ಚಿ, ತಾವೇ ಕೂಡಿಸಿ ಓಡುವ ಹಾಗೆ ಮಾಡಿದ್ದರು. ಅವರದು ಶ್ರೀರಂಗಪಟ್ಟಣದ ಮಗ್ಗುಲಿನ ಕಿರಂಗೂರು, ಗದ್ದೆ ಹಸು ಇರುವ ಮನೆ. ನಮ್ಮದು ಪಾಂಡವಪುರದ ಆಚೆ. ಹೆಣ್ಣು ನೋಡಲು ಬಂದ ದಿನ ಆ ಕಾರು ನಮ್ಮೂರ ರಸ್ತೆಯ ಉಬ್ಬು ಹತ್ತಲಾರದೆ ನಿಂತುಬಿಟ್ಟಿತು. ಊರವರು ಹಲಗೆ ಹಾಸಿ ತಳ್ಳಿ ಒಳಕ್ಕೆ ತಂದರು.

"ಏನ್ಲಾ ಇದು, ಇಷ್ಟು ಗಿಡ್ಡಕ್ಕದೆ?"

"ಇದು ತಳ ಕಣ್ಲಾ. ಮೇಲ್ಗಡೆ ಭಾಗ ಇಂದ್ಗಡೆ ಲಾರೀಲಿ ಬತ್ತಾ ಅದೆ."

ಅಳಿಯಂದಿರಿಗೆ ಕೇಳಿಸಿತು. ನಕ್ಕು ಸುಮ್ಮನಾದರು. ನನಗೆ ಅವರ ಮೇಲೆ ಒಳ್ಳೆಯ ಅಭಿಪ್ರಾಯ ಬಂದದ್ದು ಆಗಲೇ.

ನಿಮ್ಮ ಚಿಕ್ಕಮ್ಮನಿಗೆ ಬಂದದ್ದು ಬೇರೆ ಅಭಿಪ್ರಾಯ. ಅವಳು ಓದು ಮುಗಿಸಿದ ಮೇಲೆ ಸುತ್ತಿನ ರೈತರಿಂದ ನುಗ್ಗೆಕಾಯಿ, ಹೀರೆಕಾಯಿ, ಬದನೆ ಕೊಂಡು ಮೈಸೂರಿನ ಮಾರುಕಟ್ಟೆಗೆ ಮುಟ್ಟಿಸುತ್ತಿದ್ದಳು. ಗಾಡಿ ಬಾಡಿಗೆಯದು. ಗಾಡಿಯವನು ಎದ್ದಾಗಲೇ ಅವಳಿಗೆ ಬೆಳಗು. ಅವನು ಮಾವನ ಮನೆಗೆ ಹೋದನೆಂದರೆ ಇಲ್ಲಿ ಅವಳ ಹೀರೆಕಾಯಿ ಬಲಿತು ಹೋಗುತ್ತಿತ್ತು. ಮದುವೆ ಮಾತುಕತೆಯಲ್ಲಿ ಹಿರಿಯರು ಒಡವೆಯ ಪ್ರಸ್ತಾಪ ತೆಗೆದಾಗ ಅವಳು ಒಳಗಿನಿಂದ ಬಂದು, "ನಂಗೆ ಒಡವೆ ಬ್ಯಾಡ. ಆ ಕಾರ್ ಕೊಟ್ಬುಟ್ಟು ಒಂದು ಪಿಕಪ್ ಗಾಡಿ ತರ್ಲಿ. ಒಪ್ಪುದ್ರೆ ಮದ್ವೆ" ಅಂದಳು. ಹಿರಿಯರು ತಾಂಬೂಲದ ತಟ್ಟೆ ನೋಡಿಕೊಂಡು ಕೂತರು. ಅಳಿಯಂದಿರು ಅವಳನ್ನೊಮ್ಮೆ ನೋಡಿದರು, ಹೊರಗೆ ನಿಂತ ಕಾರನ್ನೊಮ್ಮೆ ನೋಡಿದರು, ತಲೆ ಆಡಿಸಿದರು.

ಮೈಸೂರಿನಲ್ಲಿ ಅವರ ಸ್ನೇಹಿತರೊಬ್ಬರಿಗೆ ಆ ಕಾರಿನ ಮೇಲೆ ಮೊದಲಿಂದಲೂ ಕಣ್ಣಿತ್ತು. ಅವರಲ್ಲೊಂದು ಪಿಕಪ್ ಗಾಡಿಯೂ ಇತ್ತು. ಅಮಾವಾಸ್ಯೆಯ ಒಳಗೆ ಕಾರು ತಂದು ಬಿಟ್ಟರೆ ಪಿಕಪ್ಪು ನಿಮ್ಮದು, ಅಮಾವಾಸ್ಯೆ ದಾಟಿದರೆ ಇನ್ನೊಬ್ಬರು ಕೇಳುತ್ತಿದ್ದಾರೆ, ಅವರಿಗೆ ಕೊಡುತ್ತೇನೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಮದುವೆ ಆಯಿತು. ಬೀಗರೂಟದ ಹೊತ್ತಿಗೆ ಅಮಾವಾಸ್ಯೆ ಹತ್ತಿರ ಬಂದಿತ್ತು.

ಬೀಗರೂಟ ನಮ್ಮ ಮನೆಯಲ್ಲಿ. ಕಾರಿನ ಬ್ರೇಕು ಕೀರಲು ಸದ್ದು ಮಾಡುತ್ತದೆ, ಹಾಗೇ ಕೊಟ್ಟರೆ ಮರ್ಯಾದೆ ಹೋಗುತ್ತದೆ ಎಂದು ಅಳಿಯಂದಿರು ಅಂದೇ ಅಂಗಳದಲ್ಲಿ ಮುಂದಿನ ಎರಡು ಚಕ್ರ ಬಿಚ್ಚಿ ಕೂತರು. ಚಕ್ರದ ಹಿಂದೆ ಒಂದು ದುಂಡನೆಯ ತಟ್ಟೆ ಇದೆ. ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯಲು, ನಾವು ಪಾತ್ರೆ ಹಿಡಿಯುತ್ತೇವಲ್ಲ, ಆ ಇಕ್ಕಳದಂಥದೇ ಒಂದು ಭಾಗ. ಅದಕ್ಕೆ ಕ್ಯಾಲಿಪರ್ ಅನ್ನುತ್ತಾರಂತೆ. ಒಂದೊಂದು ಇಕ್ಕಳಕ್ಕೂ ಎರಡೆರಡು ಬೋಲ್ಟು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಉಜ್ಜಿ ಫಳಫಳ ಅನ್ನಿಸಿ, ಮಣ್ಣಾಗಬಾರದೆಂದು ಜಗಲಿಯ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಅಷ್ಟರಲ್ಲಿ ಎಲೆ ಹಾಕಿದರು. ಹೊಸ ಅಳಿಯನನ್ನು ಬೀಗರೂಟದಲ್ಲಿ ಒಮ್ಮೆ ಕೂರಿಸಿದರೆ ಸುಲಭಕ್ಕೆ ಏಳಗೊಡುವುದಿಲ್ಲ. ಮುದ್ದೆಯ ಮೇಲೆ ಮುದ್ದೆ, ಬಾಡಿನ ಮೇಲೆ ಬಾಡು. ಅವರು ಎದ್ದಾಗ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಹೋಗಿ ಮಲಗಿದರು.

ಹೊತ್ತು ಮುಳುಗುವ ಹೊತ್ತಿಗೆ ನೆಂಟರು ಹೊರಟರು. ಕಳಿಸಿಕೊಡುವ ಕೆಲಸ ನನ್ನ ಓರಗಿತ್ತಿಯದು, ನೀವು ದೊಡ್ಡಜ್ಜಿ ಅನ್ನುವವರದು. ನಾನು ಹಿಂದಿನ ಒಲೆಯ ಹತ್ತಿರವಿದ್ದೆ. ಗಂಡ ಹೋದವಳು ಬಾಗಿಲಲ್ಲಿ ನಿಂತು ಕಳಿಸಿಕೊಡಬಾರದೆಂದು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನೇ ಹೋಗಿ ಒಲೆಯ ಹಿಂದೆ ಕೂತಿದ್ದೆ.

ಬಾಡಿನ ಸಾರು ತುಂಬಿದ ಕ್ಯಾರಿಯರನ್ನು ಸಂಜೆಗತ್ತಲಲ್ಲಿ ಹಾಗೇ ಯಾರ ಕೈಗೂ ಕೊಡುವುದಿಲ್ಲ. ವಾಸನೆಗೆ ಗಾಳಿಗೀಳಿ ಹಿಂದೆ ಬರುತ್ತದೆಂದು ಚೀಲದಲ್ಲಿ ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ, ಒಂದಿಷ್ಟು ಕಬ್ಬಿಣ ಇಟ್ಟು ಕಳಿಸುತ್ತೇವೆ. ಸಾಮಾನ್ಯವಾಗಿ ಒಂದು ಹಳೇ ಮೊಳೆ. ಆವತ್ತು ಮೊಳೆಯ ಡಬ್ಬ ಶಾಮಿಯಾನದವರ ಕೈಲಿತ್ತು. ಓರಗಿತ್ತಿ ಅತ್ತಿತ್ತ ನೋಡಿದರು. ಜಗಲಿಯ ಮೇಲೆ, ತಟ್ಟೆಯಲ್ಲಿ, ತೊಳೆದು ಒರೆಸಿ ಇಟ್ಟ ನಾಲ್ಕು ಕಬ್ಬಿಣ. ದೂರ ಹೋಗುವ ಕ್ಯಾರಿಯರೂ ನಾಲ್ಕೇ.

ಇದು ನಮಗೆ ಆಮೇಲೆ ತಿಳಿದದ್ದು. ಮೊದಲು ತಿಳಿದದ್ದು ತಟ್ಟೆ ಖಾಲಿ ಅನ್ನುವುದು ಮಾತ್ರ. ನಿಮ್ಮನ್ನು ಗದರಿದ್ದಾಯಿತು. ಬಾವಿಕಟ್ಟೆ, ತಿಪ್ಪೆ, ಎಲೆ ಎಸೆದ ಗುಂಡಿ ಎಲ್ಲ ಹುಡುಕಿದ್ದಾಯಿತು. ಅಳಿಯಂದಿರು ಕಂಪನಿಯವರಿಗೆ ಫೋನು ಮಾಡಿದರು. ಹೊರದೇಶದಿಂದ ಬರಬೇಕು, ಎಷ್ಟು ದಿನವಾಗುತ್ತದೋ ಹೇಳಲಾಗದು ಅಂದರಂತೆ. ಈ ಸುದ್ದಿಯನ್ನು ಅವರು ಬಹಳ ದುಃಖದಿಂದ ಹೇಳಿದರು. ದುಃಖ ಸ್ವಲ್ಪ ಹೆಚ್ಚಾಗಿಯೇ ಇತ್ತು.

ನಿಮ್ಮ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. "ಅವ್ವ, ಬ್ಯಾರೆ ಬೋಲ್ಟ್ ಉಡುಕ್ಕೊಂಡು ಓಯ್ತಾವ್ರೆ. ನೀನೂ ಜೊತೇಲಿ ಓಗು."

"ನಾನ್ ಯಾಕವ್ವ? ನಂಗೇನ್ ಗೊತ್ತದೆ?"

"ನಿಂಗೆ ಗೊತ್ತಾಗ್ಬೇಕಾಗಿಲ್ಲ. ನೀನ್ ಇದ್ರೆ ಸಾಕು. ಒಬ್ರೇ ಓದ್ರೆ ಎಲ್ಲೂ ಸಿಗ್ನಿಲ್ಲ ಅಂತ ಬಂದ್ಬುಡ್ತಾರೆ."

ಅಂಗಡಿಯಲ್ಲಿ ಉಪ್ಪಿನ ಬೆಲೆ ಕೇಳಲು ಹಿಂದೆಮುಂದೆ ನೋಡುವ ನಾನು ಹೀಗೆ ಅಳಿಯನ ಮೇಲಿನ ಕಾವಲಾದೆ. ಅಳಿಯನ ಸ್ಕೂಟರಿನ ಹಿಂದೆ ಅತ್ತೆ ಕೂರುವುದು ಚೆಂದವಲ್ಲವೆಂದು ಬಸ್ಸಿನಲ್ಲಿ ಹೊರಟೆವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟು ಫ್ರೀ. ನಾನು ಮುಂದೆ ಹೆಂಗಸರ ಜೊತೆ ಕೂತೆ, ಅಳಿಯಂದಿರು ದುಡ್ಡು ಕೊಟ್ಟು ಹಿಂದೆ ನಿಂತರು. ಬೋಲ್ಟು ಕೂರುವ ಕಬ್ಬಿಣದ ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದರು. ಬಸ್ಸು ಕುಲುಕಿದಾಗೆಲ್ಲ ಅದು ಯಾರದೋ ಮೊಣಕಾಲಿಗೆ ಬಡಿಯುತ್ತಿತ್ತು, ಅವರು ಬೈಯುತ್ತಿದ್ದರು. ಅಷ್ಟರಿಂದಲೇ ಅಳಿಯಂದಿರು ಇಳಿದುಹೋಗಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಪಾಂಡವಪುರದ ಟ್ರಾಕ್ಟರ್ ಸಾಮಾನಿನ ಅಂಗಡಿಯವರು ಡಬ್ಬಗಳನ್ನೇ ಕೌಂಟರ್ ಮೇಲೆ ಸುರಿದರು. ಒಂದು ಉದ್ದ ಹೆಚ್ಚು, ಒಂದು ಗಿಡ್ಡ, ಒಂದಕ್ಕೆ ಥ್ರೆಡ್ಡು, ಅಂದರೆ ಸುತ್ತುಗೆರೆ, ಬೇರೆ. ಶ್ರೀರಂಗಪಟ್ಟಣದಲ್ಲಿ ಒಬ್ಬ ಸಾಹೇಬರ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬೋಲ್ಟು ಚೌಕಟ್ಟಿನೊಳಕ್ಕೆ ನುಣ್ಣಗೆ ತಿರುಗಿಕೊಂಡು ಹೋಯಿತು. ನನಗೆ ಹೋದ ಜೀವ ಬಂತು.

"ಇಲ್ಲ ಸಾಬ್ರೇ," ಅಂದರು ಅಳಿಯಂದಿರು. "ಇದು ಮೆದು. ಬ್ರೇಕ್ ಒತ್ತುದ್ರೆ ತುಂಡಾಗೋಯ್ತದೆ."

"ಅರೇ ಭಾಯಿ, ಇದೇ ಹಾಕ್ಕೊಂಡು ಗಾಡಿಗಳು ಕಬ್ಬು ಹೇರ್ಕೊಂಡು ಹೋಗ್ತಾವೆ. ನಿಮ್ದು ಏನು, ವಿಮಾನಾನಾ?"

"ಬ್ರೇಕಿಗೆ ಯಾರೂ ಇದ್ನ ಆಕಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ಅಮ್ಮಾ, ನೀವೇ ಹೇಳಿ. ಇವ್ರಿಗೆ ಬೋಲ್ಟ್ ಬೇಕಾ, ಜಗಳ ಬೇಕಾ?"

ನಾನು ಸೆರಗು ಸರಿಮಾಡಿಕೊಂಡೆ. ಅಳಿಯಂದಿರು ಹೇಳಿದ್ದು ನಿಜವೇ ಇರಬಹುದು. ಬ್ರೇಕಿನ ಬೋಲ್ಟು ಗಟ್ಟಿ ಇರಬೇಕೆಂದು ನನಗೂ ತೋರುತ್ತದೆ. ಆದರೆ ನಿಜ ಹೇಳುವ ಮನುಷ್ಯ ಅಷ್ಟು ಸಂತೋಷದಿಂದ ಹೇಳುವುದನ್ನು ನಾನು ಹೆಚ್ಚು ಕಂಡಿಲ್ಲ.

ಬರಿಗೈಯಲ್ಲಿ ಮನೆಗೆ ಬಂದು ಹೇಳಿದಾಗ, ಬೀಗರೂಟದ ರಾತ್ರಿಯೇ ತಮ್ಮ ತವರಿಗೆ ಹೋಗಿ ಆವತ್ತಷ್ಟೇ ವಾಪಸ್ ಬಂದಿದ್ದ ಓರಗಿತ್ತಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಯಾವ ಬೋಲ್ಟು? ತಟ್ಟೇಲಿದ್ದವಾ?" ಅಂದರು. "ಅವ್ನ ನೀನೇ ಕ್ಯಾರಿಯರಿಗೆ ಅಂತ ತೊಳ್ದು ಮಡಗಿದ್ದೆ ಅನ್ಕಂಡೆ ಕಣಮ್ಮಿ! ಒಳ್ಳೆ ತೂಕದ ಕಬ್ಬುಣ. ಮೊಳೆ ಇಟ್ರೆ ಗಾಳಿ ಓಯ್ತದೆ, ಇದ್ನ ಇಟ್ರೆ ಗಾಳಿಯ ಅಪ್ಪಾನೂ ಅತ್ರ ಸುಳಿಯಾಕಿಲ್ಲ."

ಯಾರೂ ನಗಲಿಲ್ಲ. ಅಳಿಯಂದಿರು ಕಂಬಕ್ಕೆ ಒರಗಿದರು. ನಾಲ್ಕು ಕ್ಯಾರಿಯರು ನಾಲ್ಕು ತಾಲೂಕಿಗೆ ಹೋಗಿದ್ದವು.

ಕೊಟ್ಟ ಊಟದ ಜೊತೆ ಹೋದದ್ದನ್ನು ವಾಪಸ್ ಕೇಳುವುದು ಎಂಥ ಕೆಲಸವೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಅದೂ ಗಾಳಿಗೆಂದು ಕೊಟ್ಟ ಕಬ್ಬಿಣ. ಫೋನು ಮಾಡಿ ಕೇಳಿದರೆ ಇನ್ನೂ ಕೆಟ್ಟದ್ದು, ಬೀಗರು ಅದನ್ನು ಊರೆಲ್ಲ ಆಡಿಕೊಳ್ಳುತ್ತಾರೆ. ಎದುರಿಗೆ ಹೋಗಿ ನಿಲ್ಲಬೇಕು. ಓರಗಿತ್ತಿ, "ನನ್ ಮಂಡಿ ನೋಯ್ತದೆ, ನೀನೇ ಓಗ್ಬಾ" ಅಂದರು.

ಪಾಂಡವಪುರದ ನೆಂಟರ ಮನೆಯಲ್ಲಿ ಕಷ್ಟವಾಗಲಿಲ್ಲ. ಅವರು ಕ್ಯಾರಿಯರನ್ನೇ ಇನ್ನೂ ತೊಳೆದಿರಲಿಲ್ಲ, ಬೋಲ್ಟು ಚೀಲದಲ್ಲೇ ಬಿದ್ದಿತ್ತು. ಕಿರಂಗೂರಿನಲ್ಲಿ ಅಳಿಯಂದಿರ ತಾಯಿ ಬೋಲ್ಟನ್ನು ಹೊಸಿಲ ಮೂಲೆಯಲ್ಲಿ ಇಟ್ಟಿದ್ದರು. "ತಗೊಂಡೋಗಿ ಬೀಗ್ತಿ. ಆ ಕಾರು ಮನೆ ಬುಟ್ಟು ಓದ್ರೆ ಸಾಕು. ಅದ್ರ ಕೆಳಗಡೆ ಮಲಿಕ್ಕಂಡೇ ಇವ್ನು ಅರ್ಧ ವಯಸ್ಸು ಕಳ್ದವ್ನೆ" ಅಂದರು. ಅಳಿಯಂದಿರು ಆ ಹೊತ್ತಿಗೆ ಹಸುವಿಗೆ ನೀರು ತೋರಿಸಲು ಹೋಗಿದ್ದರು.

ಮೂರನೆಯದು ಕೆ.ಆರ್. ಪೇಟೆ ಕಡೆಯ ಶೀಳನೆರೆಯಲ್ಲಿ, ನಿಮ್ಮ ತಾತನ ಅಕ್ಕನ ಮನೆಯಲ್ಲಿ. ಆಕೆಯ ಬಾಯಿಗೆ ನಾನು ಮದುವೆಯಾಗಿ ಬಂದ ಕಾಲದಿಂದಲೂ ಹೆದರುತ್ತೇನೆ. ವಿಷಯ ಕೇಳಿ ಆಕೆ ಎರಡೂ ಕೈ ಸೊಂಟಕ್ಕಿಟ್ಟರು.

"ಕಬ್ಬುಣ ಸಾಕಾ, ಬಾಡೂ ಬೇಕಾ? ತಿಂದು ಅರಗ್ಸಿಬುಟ್ಟಿವಿ ಕಣಮ್ಮಿ, ಅದ್ನೆಂಗೆ ಕೊಡಾನೆ?"

"ಅಂಗಲ್ಲ ಅಕ್ಕ..." ಅಂದೆ.

"ಒಂದು ಬೋಲ್ಟು ಕೊಟ್ಟಿದ್ದೇ ದೊಡ್ಡದಾಗೋಯ್ತು ನಿಮ್ ಮನೇಗೆ. ನನ್ ತಮ್ಮ ಇದ್ದಿದ್ರೆ ಮರ್ಯಾದೆಯಾಗಿ ಅಚ್ಚೇರು ಕಬ್ಬುಣ ಕಳುಸ್ತಿದ್ದ."

ಬೈದುಕೊಂಡೇ ಹಿತ್ತಲಿಗೆ ಹೋದರು. ಬೋಲ್ಟು ಅಲ್ಲಿ ಕೋಳಿಗೂಡಿನ ಅಗುಳಿಯಾಗಿತ್ತು. ಅದರ ಜಾಗಕ್ಕೆ ಒಂದು ಕಡ್ಡಿ ಸಿಕ್ಕಿಸಿ, ಕಿತ್ತು ತಂದು ಕೊಟ್ಟರು. ಕೊಟ್ಟ ಮೇಲೆ ಊಟ ಮಾಡದೆ ಬಿಡಲಿಲ್ಲ. ಸಾರಿಗೆ ಬಂದ ಕೋಳಿ ಆ ಗೂಡಿನದೇ.

ಉಳಿದದ್ದು ಒಂದು. ನಾಗಮಂಗಲ ತಾಲೂಕಿನ ಬಿಂಡಿಗನವಿಲೆ, ನನ್ನ ತವರು. ಅಮಾವಾಸ್ಯೆಗೆ ಮುಂಚಿನ ದಿನ ಅಲ್ಲಿಗೆ ಹೋದೆವು. ನನ್ನ ಅಣ್ಣನ ಸೊಸೆ ಬಾಣಂತಿ. ಒಳಕೋಣೆಯಲ್ಲಿ ಕೂಸು ಮಲಗಿತ್ತು, ಅದರ ತಲೆದಿಂಬಿನ ಕೆಳಗೆ ನಮ್ಮ ಬೋಲ್ಟು. ಬಾಣಂತಿ ಕೋಣೆಯಲ್ಲಿ ಕಬ್ಬಿಣ ಇರಲೇಬೇಕು, ಅದು ನಿಮ್ಮ ತಲೆಯ ಕೆಳಗೂ ಇತ್ತು.

"ಏನ್ ಗುಣವಾದ ಕಬ್ಬುಣ ಕಳುಸ್ದಿರಿ!" ಅಂದರು ಅತ್ತಿಗೆ. "ಅದು ಬಂದ ದಿಸದಿಂದ ಮಗ ರಚ್ಚೆ ಇಡಿಯೋದೇ ಬುಟ್ಬುಡ್ತು. ಅದಕ್ಮುಂಚೆ ನಾವ್ಯಾರೂ ಕಣ್ಣಿಗೆ ಕಣ್ಣು ಅಂಟ್ಸಿರ್ನಿಲ್ಲ."

ಹೊಸ ಅಳಿಯನೆಂದು ಹಜಾರದಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ನಮ್ಮ ಅಳಿಯಂದಿರಿಗೆ ಇದು ಕೇಳಿಸಿತು. ಅಲ್ಲಿಂದಲೇ, "ಇರ್ಲಿ ಬುಡಿ ಅತ್ತೆ! ಕೂಸಿನ ನಿದ್ದೆಗಿಂತ ನಮ್ ಕಾರ್ ದೊಡ್ಡದಾ? ತೆಗೀಬ್ಯಾಡಿ" ಅಂದರು.

ಮನೆಯ ಹೆಂಗಸರೆಲ್ಲ ಕರಗಿ ಹೋದರು. "ಎಂಥಾ ಮನಸು ನೋಡು. ಇಂಥಾ ಅಳೀಮಯ್ಯ ಸಿಗಾಕೆ ಪುಣ್ಯ ಮಾಡಿರ್ಬೇಕು" ಅಂದರು ಅತ್ತಿಗೆ. ಅಳಿಯಂದಿರಿಗೆ ಇನ್ನೊಂದು ಒಬ್ಬಟ್ಟು ಹೋಯಿತು. ಹಾಲು ಹೋಯಿತು. ತುಪ್ಪ ಹೋಯಿತು. ನಿಮ್ಮ ಚಿಕ್ಕಮ್ಮನ ಪಿಕಪ್ಪು ಆ ತುಪ್ಪದ ಜೊತೆ ಜಾರಿ ಹೋಗುತ್ತಿರುವುದು ಆ ಮನೆಯಲ್ಲಿ ನನಗೊಬ್ಬಳಿಗೇ ಕಾಣುತ್ತಿತ್ತು.

ನಾನು ತವರಿನಲ್ಲಿ ಏನನ್ನೂ ಕೇಳಿದವಳಲ್ಲ. ಕೂಸಿನ ಮಗ್ಗುಲಲ್ಲಿ ಕೂತೆ. ಕೂಸು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ನನ್ನ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ಇತ್ತು. ನನ್ನ ಮದುವೆಯಲ್ಲಿ ನಮ್ಮವ್ವ ಈ ಮನೆಯಿಂದಲೇ ಕೊಟ್ಟದ್ದು. ಅದನ್ನು ತೆಗೆದು ಅತ್ತಿಗೆಯ ಮುಂದೆ ಹಿಡಿದೆ.

"ಅತ್ಗೆ, ಇದ್ನ ಮಡಗಿ. ಅದ್ನ ಕೊಡಿ."

"ಯಾಕೆ? ಅಳಿಯಂದ್ರೇ ಬ್ಯಾಡ ಅಂತಾವ್ರೆ?"

"ಮಗ್ಳು ಬೇಕು ಅಂದವ್ಳೆ."

ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಅತ್ತಿಗೆ ನನ್ನ ಮುಖ ನೋಡಿದರು, ಅಡಕತ್ತರಿ ನೋಡಿದರು, ಕೈಯಲ್ಲಿ ತೂಗಿದರು. "ಇದು ಅತ್ತೇದಲ್ವಾ? ಇದು ಆಯ್ತದೆ" ಅಂದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ದಿಂಬಿನ ಕೆಳಗೆ ತೂರಿಸಿ ಬೋಲ್ಟು ತೆಗೆದುಕೊಟ್ಟರು. ಕೂಸು ಮಲಗೇ ಇತ್ತು. ಕಬ್ಬಿಣ ಬದಲಾದದ್ದು ಅದಕ್ಕೆ ಗೊತ್ತಾಗಲಿಲ್ಲ. ಬೋಲ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ನಾಗಮಂಗಲದ ಬಸ್ ನಿಲ್ದಾಣದಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದೆವು. ಅಳಿಯಂದಿರು ನನ್ನಿಂದ ಸ್ವಲ್ಪ ದೂರ ನಿಂತಿದ್ದರು. ಕೊನೆಗೆ ಹತ್ತಿರ ಬಂದರು.

"ಕೊಟ್ರಾ ಅತ್ತೆ?"

ತಲೆ ಆಡಿಸಿದೆ.

ಪಕ್ಕದಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡರು. ಆಮೇಲೆ ಹೇಳಿದರು: "ಸಿಗ್ನಿಲ್ಲ ಅಂದ್ಬುಡಿ ಅತ್ತೆ. ನಾಳೆ ಅಮಾಸೆ ಕಳೀಲಿ. ನಾನವ್ಳಿಗೆ ಪಿಕಪ್ ತಂದೇ ತತ್ತೀನಿ, ಇವತ್ತಲ್ದಿದ್ರೆ ಮುಂದಿನ ವರ್ಸ. ಆ ಕಾರ್ನ ತಂದಾಗ ಅದ್ರೊಳಗೆ ಎಗ್ಗಣ ಮರಿ ಆಕಿತ್ತು. ಎಲ್ರೂ ನಗ್ತಿದ್ರು. ಮೊದ್ಲು ಸಲ ಸ್ಟಾರ್ಟ್ ಆದ ದಿಸ ನಾನು ಒಬ್ನೇ ಇದ್ದೆ. ಯಾರ್ಗೂ ಯೇಳಾಕೂ ಆಗ್ನಿಲ್ಲ."

ನನಗೆ ಅವರ ಮೇಲೆ ಮರುಕ ಬಂತು. ಬಾರದೆ ಇರಲು ಸಾಧ್ಯವಿರಲಿಲ್ಲ. ಒಬ್ಬರೇ ಇದ್ದಾಗ ಬಂದ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಬಾಡಿಗೆ ಗಾಡಿಗಾಗಿ ಮೂಟೆಗಳ ಮೇಲೆ ಕೂತು ಕಾಯುವ ನನ್ನ ಮಗಳೂ ಕಣ್ಣಿಗೆ ಬಂದಳು. ಏನೂ ಹೇಳದೆ ನಿಂತೆ. ನನ್ನ ಮೌನವನ್ನು ಜನ ಯಾವಾಗಲೂ ತಮಗೆ ಬೇಕಾದ ಹಾಗೆ ತೆಗೆದುಕೊಳ್ಳುತ್ತಾರೆ. ಅಳಿಯಂದಿರು ಒಪ್ಪಿಗೆಯೆಂದು ತೆಗೆದುಕೊಂಡರು. ಓಡಿಹೋಗಿ ಬಿಸಿ ಕಡಲೆಕಾಯಿಯ ಪೊಟ್ಟಣ ತಂದುಕೊಟ್ಟರು. ನಾನು ಅದನ್ನೂ ಪೂರಾ ತಿಂದೆ.

ಮನೆಯಲ್ಲಿ ನಿಮ್ಮ ಚಿಕ್ಕಮ್ಮ ಜಗಲಿಯ ಮೇಲೆ ಹೀರೆಕಾಯಿ ಆರಿಸುತ್ತಿದ್ದಳು. ಓರಗಿತ್ತಿಯೂ ಇದ್ದರು.

"ಸಿಕ್ತಾ?"

"ಇಲ್ಲ ಕಣೇ," ಅಂದರು ಅಳಿಯಂದಿರು ಚಪ್ಪಲಿ ಬಿಡುತ್ತಾ. "ಮಗೀನ ತಲೆ ಕೆಳಗದೆ. ಎಂಗ್ ಕಿತ್ಕಂಡ್ ಬರಾನ?"

ನಾನು ಸೆರಗಿನ ಗಂಟು ಬಿಚ್ಚಿದೆ. ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಹಿಡಿಯಿತು. ಬೋಲ್ಟನ್ನು ಹೀರೆಕಾಯಿಗಳ ಪಕ್ಕ ಇಟ್ಟೆ.

ನಿಮ್ಮ ಚಿಕ್ಕಮ್ಮ ಅದನ್ನು ನೋಡಿದಳು. ಗಂಡನನ್ನು ನೋಡಿದಳು. "ಏನ್ರೀ ಇದು?"

"ಬೋಲ್ಟು," ಅಂದರು ಅಳಿಯಂದಿರು.

ಅಷ್ಟರಲ್ಲಿ ಓರಗಿತ್ತಿ ಗೊಳ್ಳೆಂದು ನಕ್ಕುಬಿಟ್ಟರು. "ಅಯ್ಯೋ, ಎಂಗ್ ಆಟ ಆಡುಸ್ತಾವ್ರೆ ನೋಡು ಎಂಡ್ತೀನ! ನಂಗೂ ಎದೆ ಧಸಕ್ ಅಂದೋಯ್ತು. ಅಳಿಯಂದ್ರಿಗೆ ತಮಾಸೆ ಜಾಸ್ತಿ ಕಣಮ್ಮಿ." ಅಳಿಯಂದಿರಿಗೆ ನಗದೆ ಬೇರೆ ದಾರಿ ಇರಲಿಲ್ಲ, ನಕ್ಕರು. ನಿಮ್ಮ ಚಿಕ್ಕಮ್ಮ ಮಾತ್ರ ನಗಲಿಲ್ಲ. ಬೋಲ್ಟು ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಬೆಳಕಿದ್ದಂಗೇ ಆಕ್ಬುಡಿ" ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

ಅವರು ಹಾಕಿದರು. ಒಂದೊಂದನ್ನೂ ಬಿಗಿಮಾಡಿ, ಮತ್ತೆ ನೋಡಿ, ಮತ್ತೆ ಬಿಗಿಮಾಡಿದರು. ನಿಮ್ಮ ಚಿಕ್ಕಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರು ಎತ್ತಿಕೊಡುತ್ತಿದ್ದಳು. ಅದು ಮೊದಲು ಸ್ಟಾರ್ಟ್ ಆದದ್ದು ಹೇಗೆ ಎಂದು ಅವಳೇ ಕೇಳಿದಳು. ಅವರು ಹೇಳತೊಡಗಿದರು. ಎಲ್ಲ ಮುಗಿಯುವ ತನಕ ಹೇಳಿದರು. ನಾನು ಒಳಗಿನಿಂದ ಅಷ್ಟನ್ನೂ ಕೇಳಿಸಿಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಕಾರಿಗೆ ನಿಂಬೆಹಣ್ಣು ನಿವಾಳಿಸಿದರು. ಬ್ರೇಕು ಸದ್ದಿಲ್ಲದೆ ಹಿಡಿಯುತ್ತಿತ್ತು. ಊರ ಉಬ್ಬಿಗೆ ಹಲಗೆ ಹಾಸಿ ದಾಟಿಸಿ ಮೈಸೂರಿಗೆ ಹೋದವರು ಸಂಜೆಗೆ ಪಿಕಪ್ಪಿನಲ್ಲಿ ಬಂದರು. ಪಿಕಪ್ಪಿಗೆ ಹಲಗೆ ಬೇಕಾಗಲಿಲ್ಲ. ನನ್ನ ಜೊತೆ ಅವರು ಆವತ್ತು ಮಾತಾಡಲಿಲ್ಲ. ಆಮೇಲೂ ಎಷ್ಟೋ ದಿನ, ಊಟಕ್ಕೆ ಬಂದರೆ ಎಲೆ ನೋಡಿಕೊಂಡು ಉಂಡು ಏಳುತ್ತಿದ್ದರು. ಮಾತಾಡದೆ ಇರುವುದರಲ್ಲಿ ಅವರು ನನ್ನನ್ನು ಸೋಲಿಸುವಂತಿರಲಿಲ್ಲ, ಅದರಲ್ಲಿ ನನಗೆ ಹೆಚ್ಚು ಅನುಭವ.

ಒಂದು ಬೆಳಿಗ್ಗೆ ನಾನು ಮೈಸೂರಿನ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಬೇಕಿತ್ತು. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಓಡಿಸಲು ಅಳಿಯಂದಿರು, ನಡುವೆ ನಿಮ್ಮ ಚಿಕ್ಕಮ್ಮ, ನಾನು ಕಿಟಕಿಗೆ, ಹಿಂದೆ ನುಗ್ಗೆಕಾಯಿಯ ಕಂತೆಗಳು. ಅವಳು ಫೋನಿನಲ್ಲಿ ತರಕಾರಿ ಮಂಡಿಯವರ ಜೊತೆ ಜಗಳವಾಡುತ್ತಿದ್ದಳು. ಶ್ರೀರಂಗಪಟ್ಟಣ ದಾಟುವಾಗ ಒಂದು ಎಮ್ಮೆ ಅಡ್ಡ ಬಂತು. ಗಾಡಿ ಗಕ್ಕನೆ ನಿಂತಿತು. ಒಂದು ನುಗ್ಗೆಕಾಯಿಯೂ ಚೆಲ್ಲಲಿಲ್ಲ. ಎಮ್ಮೆ ನಿಧಾನವಾಗಿ ನಮ್ಮನ್ನು ನೋಡಿಕೊಂಡು ಹೋಯಿತು.

"ಬ್ರೇಕು ಪರ್ವಾಗಿಲ್ಲ ಅತ್ತೆ, ಇದ್ರದ್ದು," ಅಂದರು ಅಳಿಯಂದಿರು, ಎಮ್ಮೆಯನ್ನೇ ನೋಡುತ್ತಾ.

"ಊಂ," ಅಂದೆ.

ನಿಮ್ಮ ಚಿಕ್ಕಮ್ಮ ಫೋನನ್ನು ಕಿವಿಯಿಂದ ತೆಗೆದು, "ತಡ ಆಯ್ತದೆ, ಓಡ್ಸಿ" ಅಂದಳು. ಅವರು ಓಡಿಸಿದರು.